ತಿಮ್ಮವ್ವನ ಪಗಾರ

ಕಾರ್ಡಿನ ಲೆಕ್ಕದಲ್ಲಿ ತಿಮ್ಮವ್ವನಿಗೆ ಐವತ್ತೆರಡು ವರ್ಷ. ಅವಳನ್ನು ದಿನಾ ಬೆಳಿಗ್ಗೆ ಕೈ ಹಿಡಿದು ಎಬ್ಬಿಸುವ, ಅತ್ತೀ ಅತ್ತೀ ಎಂದು ಕರೆಯುವ ಪಕ್ಕದ ಮನೆಯ ರೇಣಮ್ಮನಿಗೆ ಐವತ್ತೈದು. ತಿಮ್ಮವ್ವ ಬಗಲಲ್ಲಿ ಹೊತ್ತು ಬೆಳೆಸಿದ ತಮ್ಮ ಅಂಬ್ರಪ್ಪನಿಗೆ ಅರವತ್ತಾರು. "ಕಲಿಗಾಲ ಅಂದ್ರ ಇದಾ ನೋಡ್ರಿ, ತಮ್ಮ ಮೊದಲ ಹುಟ್ಟಿ ಅಕ್ಕನ ದಾರಿ ಕಾದಾನ," ಎಂದು ಅವಳೇ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಆ ಕಾರ್ಡು ಬರೆದವನ ಏಳು ತಲೆಮಾರಿಗೆ ಮುಟ್ಟುವಂತೆ ಬೈಯುತ್ತಿದ್ದಳು.

ಬೈಯದೆ ಮತ್ತೇನು ಮಾಡಬೇಕು ಹೇಳಿ? ಎರಡು ವರ್ಷದ ಹಿಂದೆ ಕಾಲುವೆಯ ಪಾವಟಿಗೆಯಲ್ಲಿ ಬಟ್ಟೆ ಒಗೆಯಲು ಹೋದವಳು ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಗಂಡ ಹೋಗಿ ಹತ್ತು ವರ್ಷ, ಮಕ್ಕಳಾಗಲಿಲ್ಲ. ಶಹಾಪುರದ ಆಚೆಯ ಈ ಊರಲ್ಲಿ ಅವಳದು ಅಂತ ಇದ್ದದ್ದು ಒಂದು ಕೋಣೆ, ಅದಕ್ಕೊಂದು ಬಾಗಿಲು, ಮತ್ತೆ ಆ ನಾಲಗೆ. ಎಬ್ಬಿಸುವುದು, ಹೊರಕಡೆಗೆ ಕೂರಿಸುವುದು, ಮೈ ತೊಳೆಯುವುದು, ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಡುವುದು ಎಲ್ಲ ರೇಣಮ್ಮನ ಪಾಲಿಗೆ ಬಂತು. ರೇಣಮ್ಮ ಕೂಲಿಯವಳು. ಇವಳ ಚಾಕರಿ ಮುಗಿಸಿ ಹೊಲಕ್ಕೆ ಹೋಗುವಷ್ಟರಲ್ಲಿ ಹೊತ್ತೇರಿರುತ್ತಿತ್ತು. ಹೊಲದವರು ಅರ್ಧ ಕೂಲಿ ಕೊಟ್ಟು ಕಳಿಸುತ್ತಿದ್ದರು. ಎರಡು ವರ್ಷದಲ್ಲಿ ಅವಳು ಇದನ್ನು ಒಂದು ಸಲವೂ ಆಡಿ ತೋರಿಸಿರಲಿಲ್ಲ. ತಿಮ್ಮವ್ವನಿಗೆ ಚುಚ್ಚುತ್ತಿದ್ದದ್ದು ಅದೇ. ಆಡಿದ್ದರೆ ಇವಳೂ ತಿರುಗಿ ನಾಲ್ಕು ಆಡಬಹುದಿತ್ತು.

ಈಗ ಮೆಣಸಿನಕಾಯಿ ಬಿಡಿಸಲು ಸುರಪುರದ ಕಡೆಗೆ ಹೆಂಗಸರ ತಂಡ ಹೊರಟಿತ್ತು. ಎರಡು ತಿಂಗಳು ಹೊಲದಲ್ಲೇ ಬಿಡಾರ, ಪೂರಾ ಕೂಲಿ. ಸೋಮವಾರ ಟ್ರ್ಯಾಕ್ಟರ್ ಬರುವುದಿತ್ತು.

"ನಾ ಹೋಗಂಗಿಲ್ಲ ಬಿಡತ್ತಿ," ಎಂದಳು ರೇಣಮ್ಮ.

"ಹೋಗಲಾರದೆ ಏನ್ಮಾಡ್ತಿ? ನನ್ನ ಕುಂಡಿ ತೊಳಕೋತ ಉಪಾಸ ಸಾಯ್ತಿ? ಪುಕ್ಕಟೆ ಕೈ ನನಗ ಬ್ಯಾಡ ನೋಡು. ಶನಿವಾರ ಸಾಲಿಯಾಗ ಸಾಹೇಬ್ರು ಬರ್ತಾರ, ಮುದುಕರ ಪಗಾರ ಅಲ್ಲೇ ಮಂಜೂರು ಮಾಡ್ತಾರಂತ. ನನಗ ಪಗಾರ ಆತು, ನೀ ಇರು. ಆಗಲಿಲ್ಲ, ನೀ ಟ್ರ್ಯಾಕ್ಟರ್ ಹತ್ತು, ನಾ ಹತ್ತಿಕುಣಿಗೆ ತಮ್ಮನ ಮನಿಗೆ ಹೋಗ್ತೀನಿ."

ತಮ್ಮನ ಮನೆ ಎನ್ನುವಾಗ ದನಿ ಇಳಿಯಿತು. ತಮ್ಮನ ಹೆಂಡತಿ ಕೆಟ್ಟವಳೇನಲ್ಲ. ಆದರೆ ಹೋದರೆ ತನ್ನ ಬಾಗಿಲಿಗೆ ತಾನೇ ಕೀಲಿ ಹಾಕಿ, ಸಾಯುವ ತನಕ ಇನ್ನೊಬ್ಬರ ಪಡಸಾಲೆಯ ಮೂಲೆ ಹಿಡಿಯಬೇಕು. ಉಪ್ಪು ಕಮ್ಮಿ ಆಗಿದೆ ಎನ್ನಲೂ ಅಂಜಬೇಕು. ಅದನ್ನು ನೆನೆದರೆ ತಿಮ್ಮವ್ವನಿಗೆ ಸಾವಿಗಿಂತ ಹೆಚ್ಚು ಭಯವಾಗುತ್ತಿತ್ತು.

ಶನಿವಾರ ಮೊದಲ ಬಸ್ಸಿಗೆ ಅಂಬ್ರಪ್ಪ ಬಂದ. ಬಂದವನೇ ಬಾಗಿಲಲ್ಲಿ ನಿಂತು ಅಂದ, "ಅಕ್ಕಾ, ನನ್ನ ಕಾರ್ಡ್ ತಂದೀನಿ. ಆದ್ರ ತೋರ್ಸಂಗಿಲ್ಲ. ನಿಂದು ತಪ್ಪಾದ್ರ ನಂದೂ ತಪ್ಪಂತ ಪಗಾರ ಬಂದ್ ಮಾಡ್ಯಾರು."

"ಹಂಗಾರ ಯಾಕ ಬಂದ್ಯೋ ಗಂಡಸಾ?"

"ನೀ ಕರದಿ, ಬಂದೆ."

ಓಣಿಯ ಲಾಡ್ಲೇಸಾಬ ತನ್ನ ತರಕಾರಿಯ ತಳ್ಳುಗಾಡಿಯಿಂದ ಬದನೆಕಾಯಿ ಇಳಿಸಿ, ಗೋಣಿಚೀಲ ಹಾಸಿ ಕೊಟ್ಟ. ರೇಣಮ್ಮ ಮುಂದೆ ಎಳೆದಳು, ಅಂಬ್ರಪ್ಪ ಹಿಂದೆ ನೂಕಿದ. ಮೇಲೆ ಕೂತ ತಿಮ್ಮವ್ವ ಸೆರಗು ಸರಿಮಾಡಿಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ "ಏನ್ ನೋಡ್ತೀರಿ? ಕಿಲೋಕ್ಕ ಎಷ್ಟಂತ ಕೇಳ್ರಿ!" ಎನ್ನುತ್ತ ಹೋದಳು.

ಶಾಲೆಯ ಅಂಗಳದಲ್ಲಿ ಮೇಜು ಹಾಕಿತ್ತು. ನಡುವೆ ಅಧಿಕಾರಿ, ಮೈಸೂರ ಕಡೆಯವರು. ಒಂದು ಬದಿಗೆ ವಯಸ್ಸಿನ ಚೀಟಿ ಬರೆಯುವ ಡಾಕ್ಟರಮ್ಮ, ಇನ್ನೊಂದು ಬದಿಗೆ ಊರ ಲೆಕ್ಕಿಗ ಬಸವಂತರಾಯ.

"ಐವತ್ತೆರಡು," ಎಂದು ಅಧಿಕಾರಿ ಕಾರ್ಡು ಓದಿದರು. "ಅರವತ್ತೈದು ಆಗಿರಬೇಕಮ್ಮ. ಇನ್ನೂ ಹದಿಮೂರು ವರ್ಷ ಇದೆ."

"ಹದಿಮೂರು ವರ್ಷ! ಸಾಹೇಬ್ರ, ನಾ ಹದಿಮೂರು ದಿನ ಇರ್ತೀನೋ ಇಲ್ಲೋ ಅದನ್ನ ಕೇಳ್ರಿ. ಅಲ್ಲೀತನಕ ಮುಂಜಾನಿ ನನ್ನ ಎಬ್ಬಿಸಾಕ ಯಾರ್ನ ಕಳಿಸ್ತೀರಿ, ನೀವಾ ಬರ್ತೀರೇನು?"

ಜನ ನಕ್ಕರು. ಬಸವಂತರಾಯ ನಗಲಿಲ್ಲ. "ಸುಮ್ನ ಬರದಿಲ್ಲ ಆಯಿ. ಕಾರ್ಡ್ ಮಾಡೋ ಕ್ಯಾಂಪಿನಾಗ ನಾನೂ ಇದ್ದೆ. ಲಗ್ನ ಯಾವಾಗ ಆತು ಅಂತ ಕೇಳಿದ್ರ, ಕಾಲುವಿ ನೀರು ಬಂದ ವರ್ಷ, ನನಗ ಹದಿನೆಂಟು ಅಂತ ನೀನಾ ಹೇಳಿದಿ. ಕಾಲುವಿ ನೀರು ಬಂದಾಗ ನಾ ಸಾಲಿಯಾಗ ನಾಕನೇತ್ತ ಇದ್ದೆ. ಲೆಕ್ಕ ಬರೋಬರ್ ಅದ."

ತಿಮ್ಮವ್ವ ಮೆಲ್ಲಗೆ ಕೇಳಿದಳು, "ಯಾವ ಕಾಲುವಿ?"

"ಯಾವುದಂದ್ರ? ಕೃಷ್ಣಾ ಕಾಲುವಿ. ಊರ ಮುಂದ ಹರಿತದಲ್ಲ, ಅದು."

"ಅಯ್ಯ ನಿನ್ನ! ನಾ ಹೇಳಿದ್ದು ಹತ್ತಿಕುಣಿ ಕಾಲುವಿ! ನನ್ನ ತವರಿನದು! ನನ್ನ ಮ್ಯಾಲ ಲಗ್ನದ ಅಕ್ಕಿಕಾಳು ಬಿದ್ದದ್ದು ಅಲ್ಲಿ. ನಿನ್ನ ಈ ಕೃಷ್ಣಾ ಕಾಲುವಿ ಅದ ಅಲ್ಲ, ಅದನ್ನ ಹಡ್ಡುವಾಗ ಮೂರು ಬ್ಯಾಸಗಿ ಮಣ್ಣಿನ ಬುಟ್ಟಿ ಹೊತ್ತಾಕಿ ನಾನು, ಇದಾ ಊರ ಸೊಸಿಯಾಗಿ! ನೀರು ಬಂದ ವರ್ಷ ಲಗ್ನ ಆಗಿ ಬಂದಾಕಿ ಅದಕ್ಕೂ ಮೊದಲ ಹ್ಯಾಂಗ ಬಂದು ಮಣ್ಣು ಹೊತ್ತೆ, ಕನಸಿನಾಗೇನು?"

ಇಲ್ಲಿಯ ಜನಕ್ಕೆ ಕಾಲುವೆ ಅಂದರೆ ಒಂದೇ. ಅದಕ್ಕೂ ಎಷ್ಟೋ ವರ್ಷ ಮೊದಲು ಯಾದಗಿರಿಯ ಮಗ್ಗುಲಲ್ಲಿ ಇನ್ನೊಂದು ಹರಿದಿತ್ತು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಬಸವಂತರಾಯ ಪೆನ್ನು ಕಚ್ಚಿದ.

"ಇದಕ್ಕೆ ಸಾಕ್ಷಿ ಯಾರಾದರೂ ಇದ್ದಾರಾ?" ಎಂದರು ಅಧಿಕಾರಿ.

ರೇಣಮ್ಮ ಅಂಬ್ರಪ್ಪನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಅವ ನನ್ನ ತಮ್ಮ," ಎಂದಳು ತಿಮ್ಮವ್ವ. "ಅವನಿಗೆ ಪಗಾರ ಬರ್ತದ, ಮಾತಾಡಿದ್ರ ಹೋದೀತಂತ ಹೆದರ್ಯಾನ. ಅವನ್ನ ಕೇಳಬ್ಯಾಡ್ರಿ. ಉಣ್ಣೋ ಗಂಗಾಳ ಒದಿ ಅಂತ ನಾ ಯಾರಿಗೂ ಹೇಳಂಗಿಲ್ಲ."

ಅದು ಸಿಟ್ಟಲ್ಲ, ನಿಜವಾಗಿಯೂ ಹಾಗೇ ಅಂದದ್ದು. ಅದಕ್ಕೇ ಅಂಬ್ರಪ್ಪನಿಗೆ ತಾಗಿತು. ಎದ್ದು ನಿಂತ, ಅಂಗಿಯ ಒಳಕಿಸೆಯಿಂದ ಪ್ಲಾಸ್ಟಿಕ್ ಚೀಲ ತೆಗೆದ, ಚೀಲದೊಳಗಿನ ಕಾರ್ಡನ್ನು ಮೇಜಿನ ಮೇಲಿಟ್ಟ.

"ಹೋದ್ರ ಹೋಗ್ಲಿರಿ," ಅಂದ. "ಅರವತ್ತಾರು ನನಗ. ಈಕಿ ನನಗಿಂತ ನಾಕು ವರ್ಷ ದೊಡ್ಡಾಕಿ. ಈಕಿ ಲಗ್ನದ ದಿನಾನಾ ಹತ್ತಿಕುಣಿ ಕೆರಿ ತೂಬು ಎತ್ತಿ ಕಾಲುವಿಗೆ ನೀರು ಬಿಟ್ರು. ನಾ ನೀರು ನೋಡಾಕ ಓಡಿದೆ. ಅಕ್ಕಿಕಾಳು ಹಾಕಾಕ ತಮ್ಮನಾ ಇಲ್ಲ. ನಮ್ಮಪ್ಪ ಬಾರಕೋಲ ತಗೊಂಡು ಹೊಡದ್ರಿ, ಇಲ್ಲಿ ನೋಡ್ರಿ ಗುರ್ತು." ಎಲ್ಲರ ಮುಂದೆ ಅಂಗಿ ಎತ್ತಿ ಬೆನ್ನು ತೋರಿಸಿದ.

ಅಧಿಕಾರಿ ಕಾರ್ಡು ನೋಡಿ, ಹಾಗೇ ಅವನ ಕೈಗೆ ವಾಪಸ್ ಕೊಟ್ಟರು. "ಜೋಪಾನವಾಗಿಟ್ಟುಕೊಳ್ಳಿ. ಡಾಕ್ಟರ್, ವಯಸ್ಸು ನೋಡಿ ಬರೆದುಕೊಡಿ. ಕಾರ್ಡು ಆಮೇಲೆ ತಿದ್ದಿಸೋಣ."

"ಬಾಯಿ ತೆರೀರಿ ಅಮ್ಮ, ಹಲ್ಲು ನೋಡ್ತೀನಿ."

"ಹಲ್ಲು ನೋಡಾಕ ನಾ ಸಂತಿ ಎತ್ತೇನ್ರಿ?" ಎಂದು ತಿಮ್ಮವ್ವ ದೊಡ್ಡದಾಗಿ ಬಾಯಿ ತೆರೆದಳು. ಒಳಗೆ ಒಂದೂ ಇರಲಿಲ್ಲ. ಡಾಕ್ಟರಮ್ಮ ನಗುತ್ತ, ಕಣ್ಣು, ಚರ್ಮ, ಕೈಗಂಟುಗಳನ್ನೆಲ್ಲ ನೋಡಿ ಎಪ್ಪತ್ತು ಎಂದು ಬರೆದರು.

ಇಷ್ಟಕ್ಕೆ ಮುಗಿಯಬೇಕಿತ್ತು. ರೇಣಮ್ಮ ಆಗಲೇ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದಳು. ಬಸವಂತರಾಯ ಅರ್ಜಿ ತುಂಬಿ, ತಿಮ್ಮವ್ವನ ಹೆಬ್ಬೆರಳಿಗೆ ಮಸಿ ಹಚ್ಚಿ, ರೂಢಿಯಂತೆ ಗಟ್ಟಿಯಾಗಿ ಓದಿದ: "ಸದರಿ ತಿಮ್ಮವ್ವ, ನಿರ್ಗತಿಕ ವೃದ್ಧೆ, ನೋಡಿಕೊಳ್ಳುವವರು ಯಾರೂ ಇಲ್ಲ..."

ತಿಮ್ಮವ್ವ ಬೆರಳು ಹಿಂದಕ್ಕೆಳೆದಳು. "ನಿರ್ಗತಿಕ ಅಂದ್ರೇನು?"

"ಗತಿ ಇಲ್ಲದಾಕಿ."

"ಹೊಡಿ ಅದನ್ನ. ಕಾಟು ಹೊಡಿ."

"ಅತ್ತೀ, ಒತ್ತಬೇ!" ರೇಣಮ್ಮ ಅವಳ ತೋಳು ಹಿಡಿದಳು. "ನಿನ್ನ ಕಾಲಿಗಿ ಬೀಳ್ತೀನಿ, ಏನರ ಬರಕೊಳ್ಳಲಿ, ಒತ್ತು!"

"ಯಾಕ ಒತ್ತಲಿ? ಯಾರೂ ಇಲ್ಲಂತ ಬರದ್ರ ನೀ ಯಾರು? ಎರಡು ವರ್ಷ ಅರ್ಧ ಕೂಲಿ ತಿಂದು ನನ್ನ ತೊಳದದ್ದು ದೆವ್ವೇನು? ಇದನ್ನ ಒತ್ತಿದ್ರ ನೀ ಮಾಡಿದ್ದನ್ನ ನನ್ನ ಕೈಯಾರೆ ಅಳಿಸಿದಂಗ ಆಗ್ತದ."

"ಅಮ್ಮ, ಎಲ್ಲರಿಗೂ ಹಾಗೇ ಬರೆಯೋದು," ಎಂದರು ಅಧಿಕಾರಿ. "ಅದು ಬರೀ ಒಂದು ಮಾತು."

"ಬರೀ ಒಂದು ಮಾತಿನಿಂದಾನಾ ಸಾಹೇಬ್ರ, ನಾ ಹದಿನೆಂಟು ವರ್ಷ ಕಳಕೊಂಡದ್ದು."

ಮಸಿ ಹಚ್ಚಿದ ಬೆರಳು ಗಾಳಿಯಲ್ಲಿ ಹಾಗೇ ನಿಂತಿತ್ತು. ಸೋಮವಾರದ ಟ್ರ್ಯಾಕ್ಟರು, ತಮ್ಮನ ಪಡಸಾಲೆ, ಎಲ್ಲ ತಿಮ್ಮವ್ವನ ಕಣ್ಣ ಮುಂದೆ ಬಂತು. ಹೆದರಿಕೆಯೂ ಆಯಿತು. ಆದರೂ ಬೆರಳು ಇಳಿಸಲಿಲ್ಲ.

ಅಧಿಕಾರಿ ನಿಟ್ಟುಸಿರು ಬಿಟ್ಟು ಬಸವಂತರಾಯನತ್ತ ನೋಡಿದರು. ಅವನು ತಲೆ ಕೆರೆದುಕೊಂಡು, ಆ ಸಾಲಿಗೆ ಗೀಟು ಎಳೆದು, ಮೇಲೆ ಬರೆದು ಓದಿದ: "ಸದರಿ ತಿಮ್ಮವ್ವ, ಕಾಲುವೆ ಕಾಮಗಾರಿ ಕೂಲಿ, ನಿವೃತ್ತ. ನೋಡಿಕೊಳ್ಳುವವರು, ರೇಣಮ್ಮ."

"ನಿವೃತ್ತ ಅಂದ್ರ?"

"ದುಡದು ಮುಗಿಸಿದವ್ರು ಆಯಿ. ಮುಂದ ನನಗೂ ಹಂಗಾ ಬರೀತಾರ."

"ಹಾಂ," ಎಂದಳು ತಿಮ್ಮವ್ವ. "ಪಗಾರ ಅಂದ್ರ ದುಡದದ್ದಕ್ಕ ಕೊಡೋದು. ಈಗ ಸರಿ ಆತು." ಕಾಗದ ಹರಿಯುವಂತೆ ಒತ್ತಿದಳು.

ಸೋಮವಾರ ಟ್ರ್ಯಾಕ್ಟರ್ ಬಂದು ರೇಣಮ್ಮನನ್ನು ಊರಲ್ಲೇ ಬಿಟ್ಟು ಹೋಯಿತು.

ಮೂರನೇ ತಿಂಗಳಿಗೆ ಮೊದಲ ಪಗಾರ ಬಂತು, ಸಾವಿರದ ಇನ್ನೂರು. ತಿಮ್ಮವ್ವ ಅಷ್ಟನ್ನೂ ರೇಣಮ್ಮನ ಮುಂದೆ ಹಿಡಿದಳು. ರೇಣಮ್ಮ ಹಿಂದೆ ಸರಿದಳು.

"ಯಾಕ, ಕಮ್ಮಿ ಆತೇನು?"

"ಕಮ್ಮಿ ಅಂತಲ್ಲತ್ತಿ. ಇದು ನಾಕು ದಿನದ ಕೂಲಿ. ಇದನ್ನ ಇಸಕೊಂಡು ನಾ ನಿನಗ ಆಳಾಗ್ಲೇನು?"

"ಹೌದು, ಆಗಬೇಕು. ತಿಂಗಳಾ ನಾಕು ದಿನ ನೀ ನನ್ನ ಆಳು. ಆ ನಾಕು ದಿನ ನಾ ಬೈದದ್ದು ಬಾಯಿ ಮುಚ್ಚಿಕೊಂಡು ಕೇಳಬೇಕು. ಉಳಿದ ಇಪ್ಪತ್ತಾರು ದಿನ ನೀ ಬೈಯಬೇಕು, ನಾ ಕೇಳ್ತೀನಿ. ಎರಡು ವರ್ಷದಿಂದ ಒಳಗ ಇಟ್ಟುಕೊಂಡೀದಿ, ಎಲ್ಲಾ ತಗಿ ಹೊರಗ."

ರೇಣಮ್ಮನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ದುಡ್ಡು ಇಸಿದುಕೊಂಡಳು, ಎಲೆಯಡಿಕೆ ಚೀಲದಲ್ಲಿ ತುರುಕಿದಳು.

"ಇವತ್ತು ಮೊದಲನೇ ದಿನ ಅಲ್ಲಾ?" ಎಂದಳು ತಿಮ್ಮವ್ವ.

"ಹೌದತ್ತಿ."

"ಮತ್ತ ನಿಂತು ಏನ್ ನೋಡ್ತಿ? ನೀರು ಕಾಸು ಹೋಗು!"