ಕಪ್ಪೆ ನುಂಗಿದ ಕಲ್ಲು

ಕೆಳಗಿನ ಮನೆಯ ತನುಶ್ರೀಗೆ ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಹಾಸ್ಟೆಲ್‌ನಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ಹಾಗಾಗಿ ಅವಳ ಆಸ್ಟ್ರೇಲಿಯಾ ತಳಿಯ ಹಸಿರು ಮರಗಪ್ಪೆ ಗಾಜಿನ ಪೆಟ್ಟಿಗೆ ಸಮೇತ ಮೇಲಿನ ಮನೆಯ ಶಾಂತಾಳ ಪಾಲಿಗೆ ಬಂತು.

ಶಾಂತಾಳ ಗಂಡ ಅಣ್ಣಪ್ಪ ಧಾರವಾಡದವರು, ಇಲ್ಲಿನ ಮಟ್ಟಾಂಚೇರಿಯ ಬ್ಯಾಂಕೊಂದರಲ್ಲಿ ಮ್ಯಾನೇಜರ್. “ಹೊರಗ ವಟಗುಟ್ಟೂವು ಸಾಲಂಗಿಲ್ಲೇನ ನಿನಗ?” ಎಂದು ನಕ್ಕರು.

ಶಾಂತಾ ತಲೆ ಕೆಡಿಸಿಕೊಳ್ಳಲಿಲ್ಲ. ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿನಿಂದ ಸರಿಸಿದಳು. ಗಾಳಿಯಾಡಲೆಂದು ಮೇಲೆ ಜಾಲರಿ ಹಾಕಿಸಿದಳು. ನಲ್ಲಿ ನೀರಿನ ಕ್ಲೋರಿನ್ ಕಪ್ಪೆಯ ಚರ್ಮಕ್ಕೆ ವಿಷವಂತೆ. ಅದನ್ನು ಹೋಗಲಾಡಿಸುವ ಔಷಧದ ಹನಿ ಬೆರೆಸಿಯೇ ನೀರಿಡುತ್ತಿದ್ದಳು. ಮುಟ್ಟಲೇಬೇಕಾದರೆ ಒದ್ದೆ ಕೈಗವಸು. ಅದಕ್ಕೆ ತಿನ್ನಿಸುವ ಮಿಡತೆಗಳಿಗೂ ಕ್ಯಾಲ್ಸಿಯಂ ಪುಡಿ ಸವರಿ ಕೊಡುವುದನ್ನು ಕಂಡು ಅಣ್ಣಪ್ಪನವರ ನಗು ನಿಂತೇ ಹೋಯಿತು. ಬೆಳಿಗ್ಗೆ ಚಹಾ ಹಿಡಿದು ಅವರೂ ಪೆಟ್ಟಿಗೆಯ ಮುಂದೆ ಕೂರತೊಡಗಿದರು.

ಮೂರನೇ ತಿಂಗಳು ಕಪ್ಪೆ ತಿನ್ನುವುದನ್ನು ಬಿಟ್ಟಿತು. ಎರಡು ದಿನ, ಮೂರು ದಿನ, ಆರು ದಿನ. ಹೊಟ್ಟೆ ಮಾತ್ರ ಒಂದು ಕಡೆ ಉಬ್ಬಿತ್ತು.

“ರೀ, ಇಲ್ಲಿ ಬರ್ರಿ,” ಶಾಂತಾ ಕರೆದಳು. “ಚಂದ ಕಾಣಲಿ ಅಂತ ತನುಶ್ರೀ ಹಾಕಿದ್ದ ಬಿಳಿ ಕಲ್ಲು ಹನ್ನೊಂದ ಇದ್ದೂ. ಪ್ರತಿ ವಾರ ತೊಳದು ಇಡತೀನಿ. ಇವತ್ತ ಹತ್ತ ಅದಾವ.”

“ಎಲ್ಲಿ ಹೋತು ಹಂಗಾದ್ರ?”

“ಹುಳದ ಜೋಡಿ ನುಂಗಿರಬೇಕ್ರಿ.”

ಹತ್ತಿರದಲ್ಲಿ ಕಪ್ಪೆ ನೋಡುವ ವೈದ್ಯರು ಸಿಗಲಿಲ್ಲ. ತನುಶ್ರೀಯೇ ತಿರುವನಂತಪುರದಲ್ಲಿ ಒಬ್ಬರನ್ನು ಹುಡುಕಿ ಕೊಟ್ಟಳು. ಅಣ್ಣಪ್ಪ ರಜೆ ಹಾಕಿದರು. ಬೆಳಗಿನ ರೈಲಿನಲ್ಲಿ, ಒದ್ದೆ ಟಿಶ್ಯೂ ಹಾಸಿ ಕಪ್ಪೆಯನ್ನು ಕೂರಿಸಿದ್ದ ಗಾಳಿತೂತಿನ ಡಬ್ಬಿಯನ್ನು ಶಾಂತಾ ನಾಲ್ಕು ತಾಸು ತೊಡೆಯ ಮೇಲಿಂದ ಇಳಿಸಲಿಲ್ಲ.

ಎಕ್ಸ್‌ರೇಯಲ್ಲಿ ಕಲ್ಲು ಸ್ಪಷ್ಟವಾಗಿ ಕಂಡಿತು. ವೈದ್ಯೆ ಸುಮಿತ್ರ ಮಂಪರು ಬರಿಸಿ, ಸಣ್ಣ ಚಿಮಟದಿಂದ ಬಾಯಿಯ ಮೂಲಕವೇ ಅದನ್ನು ಹೊರತೆಗೆದರು.

“ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಅಕ್ಕಾ,” ಎಂದರು ಮಲಯಾಳದಲ್ಲಿ. “ಎಷ್ಟೋ ಜನ ಸತ್ತ ಮೇಲೆ ತರುತ್ತಾರೆ. ನೀವು ಕಾರಣವನ್ನೂ ಹಿಡಿದುಕೊಂಡೇ ಬಂದಿದ್ದೀರಲ್ಲ! ಏನು ಓದಿದ್ದೀರಿ?”

“ಪಿಯುಸಿ,” ಎಂದಳು ಶಾಂತಾ ಸಂಕೋಚದಿಂದ.

ಅಣ್ಣಪ್ಪನವರಿಗೆ ಎದೆ ತುಂಬಿ ಬಂತು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದರೂ ಹೆಂಡತಿಯ ಕಣ್ಣು ಇಷ್ಟು ಸೂಕ್ಷ್ಮವೆಂದು ಅವರಿಗೆ ತಿಳಿದಿರಲಿಲ್ಲ. ವೈದ್ಯೆಗೆ ಕೇಳಿಸುವಂತೆಯೇ, “ನನಗ ಇದು ಹೊಳೀತಿರಲಿಲ್ಲ ನೋಡು,” ಎಂದರು.

ಮನೆಗೆ ಬಂದೊಡನೆ ಕಲ್ಲುಗಳೆಲ್ಲ ಹೊರಗೆ ಹೋದವು. ಆ ಜಾಗಕ್ಕೆ ನೆನೆಸಿದ ತೆಂಗಿನ ನಾರಿನ ಪುಡಿ ಬಂತು. ಐದನೇ ದಿನ ಸಂಜೆ ಶಾಂತಾ ಚಿಮಟದಲ್ಲಿ ಮಿಡತೆ ಹಿಡಿದಳು. ಕಪ್ಪೆ ಬಹಳ ಹೊತ್ತು ದಿಟ್ಟಿಸಿತು, ಆಮೇಲೆ ಒಮ್ಮೆಲೇ ನೆಗೆದು ಕಚ್ಚಿತು.

“ತಿಂತ್ರೀ!” ಶಾಂತಾ ಕೂಗಿದಳು.

ಅಣ್ಣಪ್ಪ ಆಗಲೇ ತನುಶ್ರೀಗೆ ಫೋನ್ ಹಚ್ಚಿದ್ದರು. “ನಿನ್ನ ಕಪ್ಪಿ ಉಂಡತವಾ,” ಎಂದವರು, ಹೆಂಡತಿ ಕಲ್ಲು ಎಣಿಸಿದ ಕಥೆಯನ್ನು ಮೊದಲಿನಿಂದ ಹೇಳಲು ಕುರ್ಚಿ ಎಳೆದುಕೊಂಡು ಕೂತರು.