ಐವತ್ತೊಂದನೇ ಪುಟದ ಅಂಚು

ಭೋಜರಾಜರಿಗೆ ಎರಡು ವಿಷಯದಲ್ಲಿ ಜಂಬವಿತ್ತು. ಒಂದು, ತಾವು ಬೈಂಡ್ ಮಾಡಿದ ಪುಸ್ತಕದ ಮೂರೂ ಅಂಚಿನ ಮೇಲೆ ಕೈಯಾಡಿಸಿದರೆ ಎಲ್ಲೂ ತಡೆಯುವುದಿಲ್ಲ ಎಂಬುದು. ಇನ್ನೊಂದು, ಗಿರಾಕಿಯ ಕಾಗದವನ್ನು ತಾವು ಓದುವುದಿಲ್ಲ ಎಂಬುದು. ಮೊದಲನೆಯದನ್ನು ಅವರು ಹದಿನೆಂಟನೇ ವಯಸ್ಸಿನಲ್ಲಿ ಉಡುಪಿಯ ಒಂದು ಪ್ರೆಸ್ಸಿನಲ್ಲಿ ಕಲಿತಿದ್ದರು. ಎರಡನೆಯದನ್ನು ಕಲಿಸಿದ್ದು ಕೊಲ್ಲಿ ನಾಡಿನ ಅಲ್ ಮಬೇಲಾದ ಅವರ ಝೆರಾಕ್ಸ್ ಅಂಗಡಿ. ವೀಸಾದ ಕಾಗದ, ರಕ್ತಪರೀಕ್ಷೆಯ ರಿಪೋರ್ಟು, ವೀಸಾ ಕೊಟ್ಟ ಧಣಿ ಕಫೀಲನ ಮೇಲಿನ ದೂರು, ಡೈವೋರ್ಸಿನ ನೋಟೀಸು, ಎಲ್ಲವೂ ಆ ಕೌಂಟರಿನ ಮೇಲೆ ಬಂದು ಬೀಳುತ್ತಿತ್ತು. ಕಣ್ಣು ಹಾಯಿಸಿದರೆ ಅರ್ಧ ಊರಿನ ಗುಟ್ಟು ಅವರ ಹೊಟ್ಟೆ ಸೇರುತ್ತಿತ್ತು. ಹಾಗಾಗಿ ಯಾವ ಕಾಗದ ಬಂದರೂ ತಲೆ ಯಾವುದು, ಬುಡ ಯಾವುದು ಎಂದಷ್ಟೇ ನೋಡಿ ಉಳಿದದ್ದನ್ನು ಮಷೀನಿಗೆ ಬಿಡುತ್ತಿದ್ದರು. ಇಪ್ಪತ್ತೆರಡು ವರ್ಷ ಈ ಎರಡು ಗುಣಗಳು ಅವರಿಗೆ ಒಳ್ಳೆಯ ಹೆಸರನ್ನೇ ತಂದವು. ಕಳೆದ ನವೆಂಬರಿನ ಒಂದು ಮಂಗಳವಾರ ಎರಡೂ ಸೇರಿ ಅವರನ್ನು ಹಳ್ಳಕ್ಕೆ ತಳ್ಳಿದವು.

ಅಂದು ಬೆಳಿಗ್ಗೆ ಪುಸ್ತಕ ತಂದವಳು ಲುಜ್ವಿಮಿಂದಾ. ಪಕ್ಕದ ಬೀದಿಯ ಹಲ್ಲಿನ ಕ್ಲಿನಿಕ್ಕಿನ ನರ್ಸು, ಫಿಲಿಪೀನ್ಸಿನವಳು. ಎಲ್ಲರಿಗೂ ಅವಳು ಮಿಂಡಾ. ಪ್ರತಿ ಶುಕ್ರವಾರ ತನ್ನ ವಿಲ್ಲಾದ ಅಂಗಳದಲ್ಲಿ ತಮ್ಮ ದೇಶದ ಮಕ್ಕಳನ್ನು ಕೂರಿಸಿಕೊಂಡು ತಮ್ಮ ಭಾಷೆಯ ಕಥೆ ಓದಿ ಹೇಳುವುದು ಅವಳ ರೂಢಿ. ಪುಸ್ತಕದ ಸ್ಥಿತಿ ನೋಡಿದರೆ ಅದು ಕಡಲು ಈಜಿ ಬಂದಂತಿತ್ತು. ಹೊಲಿಗೆ ಬಿಚ್ಚಿ, ಬೆನ್ನು ಕಿತ್ತು, ಹಾಳೆಗಳ ಮೂಲೆ ಮುದುರಿತ್ತು.

"ಸರ್ ಭೋಜ್, ಗಟ್ಟಿ ಮಾಡಿಕೊಡಿ ಸಾಕು. ಈ ಶುಕ್ರವಾರ ನಾನು ಓದುವುದನ್ನು ನನ್ನ ಟೀಚರ್ ಫೋನಿನಲ್ಲಿ ನೋಡ್ತಾರೆ. ಎಂಬತ್ತೊಂದು ವರ್ಷ ಅವರಿಗೆ. ಅವರು ಪಾಠ ಮಾಡ್ತಿದ್ದ ಪುಸ್ತಕ ಇದು" ಎಂದಳು ಮಿಂಡಾ. ಹೆಸರಿನ ಮುಂದೆ ಸರ್ ಹಚ್ಚುವುದು ಅವರ ಕಡೆಯ ಮರ್ಯಾದೆ.

"ಗುರುವಾರ ಸಂಜೆ ಬನ್ನಿ. ಹೊಸದರ ಹಾಗೆ ಆಗ್ತದೆ" ಎಂದರು ಭೋಜರಾಜರು. ಆ ಮಾತನ್ನು ನೆನೆದರೆ ಈಗಲೂ ಅವರಿಗೆ ಕಿವಿ ಬಿಸಿಯಾಗುತ್ತದೆ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹಾಳೆಗಳನ್ನು ಜೋಡಿಸಿದರು, ಹೊಲಿದರು, ಬೆನ್ನಿಗೆ ಅಂಟು ಹಚ್ಚಿದರು, ಒಣಗಲು ಬಿಟ್ಟು ಊಟ ಮಾಡಿ ಬಂದರು. ಆಮೇಲೆ ಕಟ್ಟಿಂಗ್ ಮಷೀನಿನಡಿ ಇಟ್ಟು ಹಿಡಿ ಎಳೆದರು. ಅಂಚು ತೀರ ಮುದುರಿದ್ದರಿಂದ ಅರ್ಧ ಬೆರಳಿನಷ್ಟು ಧಾರಾಳವಾಗಿಯೇ ಕತ್ತರಿಸಿದರು. ಪುಸ್ತಕ ನಿಜಕ್ಕೂ ಮದುಮಗನ ಹಾಗೆ ಎದ್ದು ಕೂತಿತು. ಹಸಿರು ಕ್ಯಾಲಿಕೋ ಬಟ್ಟೆಯ ರಟ್ಟು ಹಾಕುವಾಗ ಅಂಟು ಒರೆಸಲು ಕಸದ ಬುಟ್ಟಿಯಿಂದ ಕತ್ತರಿಸಿದ ಅಂಚಿನ ನಾಲ್ಕು ಪಟ್ಟಿ ಎತ್ತಿಕೊಂಡರು. ಐದನೆಯದನ್ನು ಎತ್ತಿಕೊಂಡಾಗ ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಅರ್ಧ ವೃತ್ತ ಕಂಡಿತು. ಅದರ ಪಕ್ಕದಲ್ಲಿ 98 ಎಂದಿತ್ತು. ಕೆಳಗೆ ಇನ್ನೊಂದು ಅರ್ಧ ವೃತ್ತ, 99.

ಭೋಜರಾಜರು ಜನ್ಮದಲ್ಲಿ ಮೊದಲ ಸಲ ಗಿರಾಕಿಯ ಪುಸ್ತಕವನ್ನು ತೆರೆದು ನೋಡಿದರು. ಅಕ್ಷರ ಇಂಗ್ಲಿಷಿನದ್ದು, ಮಾತು ಮಾತ್ರ ಮಿಂಡಾಳ ದೇಶದ್ದು. ಪುಟ ತಿರುವಿದ ಹಾಗೆ ಅಂಚಿನಲ್ಲಿ ಅರ್ಧ ಕತ್ತರಿಸಿದ ಪುಟ್ಟ ಪುಟ್ಟ ವೃತ್ತಗಳು, ಒಳಗೆ ಎರಡು ಚುಕ್ಕಿಯ ಕಣ್ಣು, ಒಂದು ನಗುವ ಗೆರೆ. ಕೆಲವೆಡೆ ಬರೀ ಅಡ್ಡಗೆರೆ. ಎಲ್ಲದರ ಪಕ್ಕದಲ್ಲೂ ಇಸವಿಗಳು ಇದ್ದವು ಎಂಬುದಕ್ಕೆ ಈಗ ತುಂಡು ಅಂಕಿಗಳೇ ಸಾಕ್ಷಿ. ಪುಸ್ತಕವನ್ನೂ ಕಸದ ಬುಟ್ಟಿಯನ್ನೂ ಎದೆಗವಚಿಕೊಂಡು ಅಂಗಡಿಗೆ ಶಟರ್ ಎಳೆದರು.

ಮನೆಗೆ ಬರುವ ದಾರಿಯಲ್ಲಿ ಒಂದು ಕಳ್ಳ ಬುದ್ಧಿಯೂ ಬಂದುಹೋಯಿತು. ಹಸಿರು ರಟ್ಟು ಚಂದ ಕಾಣುತ್ತದೆ, ಗಟ್ಟಿ ಮಾಡಿ ಎಂದಿದ್ದಳು, ಗಟ್ಟಿಯಾಗಿದೆ, ಕೊಟ್ಟುಬಿಟ್ಟರೆ ಆಯಿತು, ಖಲಾಸ್. ಆದರೆ ಹೆಂಡತಿ ಲೋಲಾಕ್ಷಿ ಬಾಗಿಲು ತೆರೆದು ಮುಖ ನೋಡಿದ ಕೂಡಲೇ ಆ ಬುದ್ಧಿ ಮೆಟ್ಟಿಲಲ್ಲೇ ಉಳಿಯಿತು.

"ಎಂತ ಮಾರಾಯ್ರೆ, ಕಸ ತಕೊಂಡು ಮನೆಗೆ ಬಂದಿದ್ದೀರಿ?"

ಹೇಳಿದರು. ಲೋಲಾಕ್ಷಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ಓದುದಿಲ್ಲ ಓದುದಿಲ್ಲ ಅಂತ ಊರಿಡೀ ಹೇಳಿಕೊಂಡು ತಿರುಗಿದ್ದಲ್ವಾ? ಈಗ ನೋಡಿ. ಕತ್ತರಿಸುವ ಮೊದಲು ಒಂದು ಸಲ ಬಿಡಿಸಿ ನೋಡಿದ್ದರೆ ನಿಮ್ಮ ಗಂಟು ಎಂತ ಹೋಗ್ತಿತ್ತು?"

ಬೈದು ಮುಗಿದ ಮೇಲೆ ಅವಳೇ ಚಾಪೆ ಹಾಸಿದಳು, ಫ್ಯಾನು ನಿಲ್ಲಿಸಿದಳು, ಬುಟ್ಟಿಯನ್ನು ಬೋರಲು ಹಾಕಿದಳು. ಮದುವೆಗೆ ಮೊದಲು ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಬೆರಳುಗಳು ಅವು. ಎಪ್ಪತ್ತು ಹಾಳೆಯ ಹೊರ ಅಂಚಿಗೆ ಎಪ್ಪತ್ತು ಪಟ್ಟಿ ಇರಬೇಕಿತ್ತು, ಅರವತ್ತಾರು ಸಿಕ್ಕಿದವು. ಪುಟದಲ್ಲುಳಿದ ಅರ್ಧ ಕಣ್ಣಿಗೆ ಪಟ್ಟಿಯಲ್ಲಿರುವ ಅರ್ಧ ಕಣ್ಣು ಹೊಂದಿಸುತ್ತಾ, ಎರಡು ಸಂಜೆ ಇಬ್ಬರೂ ಆ ಚಾಪೆಯಿಂದ ಏಳಲಿಲ್ಲ. ಮಗಳು ಭವ್ಯಶ್ರೀ ಮೇ ತಿಂಗಳಲ್ಲಿ ಮದುವೆಯಾಗಿ ದೂರದ ಬುರೈಮಿಗೆ ಹೋದ ಮೇಲೆ ಆ ಮನೆಯಲ್ಲಿ ಸಂಜೆ ಎಂದರೆ ಟೀವಿಯ ಸದ್ದು ಮಾತ್ರ ಆಗಿತ್ತು. ಈಗ ಟೀವಿ ಹಾಕುವುದು ಇಬ್ಬರಿಗೂ ನೆನಪಾಗಲಿಲ್ಲ. ತಪ್ಪು ಮಾಡಿದವರು ಇಷ್ಟು ಸುಖಪಡಬಾರದು ಎಂದು ಭೋಜರಾಜರಿಗೆ ನಡುನಡುವೆ ಅನಿಸಿದ್ದುಂಟು.

ಅಂಕಿಗಳು ಕೂಡಿಕೊಂಡ ಹಾಗೆ ಸಂಗತಿ ಬಿಡಿಸಿಕೊಂಡಿತು. ಎಂಬತ್ತನಾಲ್ಕರಿಂದ ಎರಡು ಸಾವಿರದ ಹದಿನಾಲ್ಕರವರೆಗೆ, ಆಮೇಲೆ ಬೇರೆ ಕೈಬರಹದಲ್ಲಿ ಮತ್ತೆ ಕೆಲವು ವರ್ಷ. ಕೆಲವು ಪುಟಗಳಲ್ಲಿ ಒಂದೆರಡೇ ಗುರುತು. ಆದರೆ ನಲವತ್ತೆಂಟನೇ ಪುಟದಲ್ಲಿ ಒಂದೇ ಸಾಲಿನ ಪಕ್ಕ ಒಂದು ವರ್ಷವೂ ಬಿಡದೆ ನಗುಮುಖ. ಅದೇ ಕಥೆಯ ಐವತ್ತೊಂದನೇ ಪುಟದಲ್ಲಿ ಒಂದೇ ಒಂದು ನಗುವಿಲ್ಲ, ಬರೀ ಅಡ್ಡಗೆರೆಗಳು, ಒಂದರ ಕೆಳಗೊಂದು. ಆ ಗೆರೆಗಳ ಇಸವಿಗಳಿದ್ದ ಪಟ್ಟಿಯೇ ಇಲ್ಲ. ಅಂಟು ಒರೆಸಿದ ನಾಲ್ಕರಲ್ಲಿ ಅದು ಸೇರಿಹೋಗಿತ್ತು.

"ಈ ಪುಟದಲ್ಲಿ ಅಂಥದ್ದು ಎಂತ ಉಂಟು?" ಎಂದಳು ಲೋಲಾಕ್ಷಿ. ಗಂಡನಿಗೆ ಗೊತ್ತಿದ್ದರೆ ತಾನೇ ಹೇಳುವುದು?

ಗುರುವಾರ ಬೆಳಗಾಗುತ್ತಲೇ ಭೋಜರಾಜರು ಅಂಗಡಿಗೆ ಬಂದು ಹಸಿರು ರಟ್ಟನ್ನು ಕಿತ್ತರು. ಒಂದೊಂದು ಪಟ್ಟಿಯನ್ನೂ ತೆಳುವಾದ ಟಿಶ್ಯೂ ಕಾಗದ ಅಂಟಿಸಿ ಪುಟಕ್ಕೆ ಸೇರಿಸಿದರು. ಪುಸ್ತಕದ ಅಂಚು ಉಬ್ಬಿತು, ಸೊಟ್ಟಗಾಯಿತು, ಕೈಯಾಡಿಸಿದರೆ ಎಲ್ಲೆಡೆ ತಡೆಯುತ್ತಿತ್ತು. ಅದಕ್ಕೆ ದೊಡ್ಡ ಅಳತೆಯ ಇನ್ನೊಂದು ರಟ್ಟು ಹಾಕಿದರು. ಅವರ ಬದುಕಿನಲ್ಲೇ ಇಷ್ಟು ಕುರೂಪದ ಬೈಂಡಿಂಗು ಇನ್ನೊಂದಿರಲಿಲ್ಲ.

ಅಂದು ಸಂಜೆ ಲೋಲಾಕ್ಷಿಯೂ ಅಂಗಡಿಗೆ ಬಂದಳು. ಗಂಡ ಮಾತು ತಿರುಚದಿರಲಿ ಎಂಬ ಕಾವಲು ಅದು. ಮಿಂಡಾ ಬಂದ ಕೂಡಲೇ ಭೋಜರಾಜರು ಎದ್ದು ನಿಂತರು. "ನಾನು ನೋಡದೆ ಅಂಚು ಕತ್ತರಿಸಿದೆ. ಅರವತ್ತಾರು ಪಟ್ಟಿ ಮತ್ತೆ ಕೂಡಿಸಿದ್ದೇನೆ. ನಾಲ್ಕು ಹಾಳಾಯಿತು. ತಪ್ಪು ನನ್ನದು" ಎಂದರು.

ಮಿಂಡಾ ಪುಸ್ತಕ ತೆಗೆದುಕೊಂಡು ನೇರ ಐವತ್ತೊಂದಕ್ಕೆ ಹೋದಳು. ಅವಳ ಮುಖ ಬಿಳಿಚಿತು.

"ಸರ್ ಭೋಜ್, ನೀವು ಕತ್ತರಿಸಿದ್ದು ಕಾಗದ ಅಲ್ಲ" ಎಂದಳು. ಸಿಟ್ಟಿನಲ್ಲಿ ಅವಳ ಇಂಗ್ಲಿಷೂ ಹಿಂದಿಯೂ ಬೆರೆತು ಬಂದವು. "ಈ ಕಥೆ ಬರೆದವರು ನಮ್ಮ ದೇಶದ ದೊಡ್ಡ ಲೇಖಕರು. ತೀರಿಕೊಂಡು ಎಪ್ಪತ್ತು ವರ್ಷ ಆಯ್ತು. ಊರಿನಲ್ಲಿ ಪ್ರತಿಮೆ ಇದೆ. ಒಮ್ಮೆ ಪಠ್ಯ ನೋಡುವ ಪ್ರೊಫೆಸರುಗಳು ಬಂದು, ಇದು ಹಳೆಯದಾಯ್ತು, ಈಗ ಕಥೆಯ ಹೊಳೆಗೆ ಸೇತುವೆ ಬಂದಿದೆ, ಪಾಠ ತೆಗೆದುಬಿಡೋಣ ಅಂದರು. ನಮ್ಮ ಟೀಚರ್, ಮ್ಯಾಮ್ ಪುರೀತಾ, ಜಗಳ ಆಡಲಿಲ್ಲ. ಈ ಪುಸ್ತಕ ಅವರ ಮುಂದೆ ಇಟ್ಟರು. ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಅಂತ ಪ್ರತಿ ವರ್ಷ ಗುರುತು ಹಾಕಿದ್ದರಲ್ಲ, ಅದನ್ನು ನೋಡಿ ಅಂದರು. ಪ್ರೊಫೆಸರುಗಳು ಅರ್ಧ ಗಂಟೆ ಪುಟ ತಿರುಗಿಸಿದರು, ಬಾಯಿ ಮುಚ್ಚಿಕೊಂಡು ಹೋದರು. ಲೇಖಕ ಉಳಿದದ್ದು ಪ್ರತಿಮೆಯಿಂದ ಅಲ್ಲ, ಇದರಿಂದ. ನಾಳೆ ಮ್ಯಾಮ್‌ಗೆ ನಾನು ಏನು ತೋರಿಸಲಿ?"

ಭೋಜರಾಜರು ತಲೆ ತಗ್ಗಿಸಿದರು. ಆ ಹೊತ್ತಿನಲ್ಲಿ ಸುಮ್ಮನಿರುವುದು ಯಾರಿಗಾದರೂ ಲೇಸು. ಆದರೆ ಲೋಲಾಕ್ಷಿಗೆ ಎರಡು ದಿನದಿಂದ ಹೊಟ್ಟೆಯಲ್ಲಿ ಕುಟುಕುತ್ತಿದ್ದ ಪ್ರಶ್ನೆ ಇನ್ನು ತಡೆಯಲಿಲ್ಲ. ತನಗೆ ಬರುವ ಹಿಂದಿಯಲ್ಲಿ ಕೇಳಿಯೇಬಿಟ್ಟಳು. "ಸಿಟ್ಟು ಮಾಡ್ಬೇಡಿ. ನಲವತ್ತೆಂಟರಲ್ಲಿ ಅಷ್ಟು ನಗುವಂಥದ್ದು ಎಂತ? ಐವತ್ತೊಂದರಲ್ಲಿ ಎಂತ?"

ಮಿಂಡಾ ಅವಳನ್ನು ನೋಡಿದಳು. ಬೈಯಲು ತೆರೆದ ಬಾಯಿ ಕಥೆ ಹೇಳತೊಡಗಿತು.

ಒಬ್ಬ ಅಂಬಿಗ. ಒಬ್ಬಳೇ ಮಗಳು. ಮದುವೆಯ ಮರುದಿನ ಮಗಳನ್ನೂ ಅಳಿಯನನ್ನೂ ದಿಬ್ಬಣವನ್ನೂ ಅವನೇ ಹೊಳೆ ದಾಟಿಸಬೇಕು. ಹತ್ತು ನಿಮಿಷದ ದಾರಿ. ಅಂಬಿಗನೋ "ಇವತ್ತು ಸೆಳೆತ ಜೋರು" ಎನ್ನುತ್ತಾ ದೋಣಿಯನ್ನು ಮೇಲಕ್ಕೂ ಕೆಳಕ್ಕೂ ಸುತ್ತಿಸುತ್ತಾನೆ. ವರನ ಸೋದರಮಾವನಿಗೆ ಹೊಟ್ಟೆ ತೊಳಸುತ್ತದೆ. ಮದುಮಗಳ ಪೆಟ್ಟಿಗೆಯನ್ನು ತಬ್ಬಿಕೊಂಡು ದೇವರಿಗೆ ಒಂದು ಮೇಣದಬತ್ತಿ ಹರಕೆ ಹೊರುತ್ತಾನೆ. ದಡ ದೂರವಾದರೆ ಎರಡು ಎನ್ನುತ್ತಾನೆ. ದಡ ಹತ್ತಿರ ಬಂದರೆ ಒಂದನ್ನು ವಾಪಸು ಪಡೆಯುತ್ತಾನೆ. ದೋಣಿ ಮತ್ತೆ ತಿರುಗಿದಾಗ, "ಸ್ವಾಮೀ, ಆ ವಾಪಸು ಪಡೆದದ್ದನ್ನು ಮರೆತುಬಿಡು, ಮೂರು!" ಎಂದು ಬೊಬ್ಬೆ ಹೊಡೆಯುತ್ತಾನೆ.

ಲೋಲಾಕ್ಷಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪರಾಧಿ ಸ್ಥಾನದಲ್ಲಿದ್ದ ಭೋಜರಾಜರೂ ತಡೆಯಲಾರದೆ ಫಕ್ಕನೆ ನಕ್ಕುಬಿಟ್ಟು, ನಾಚಿ ಬಾಯಿಗೆ ಕೈ ಅಡ್ಡ ಹಿಡಿದರು. ಮಿಂಡಾ ಮುಂದುವರಿಸಿದಳು.

ಎಲ್ಲರೂ ಮಾವನ ಗಲಾಟೆಯಲ್ಲಿರುವಾಗ ಮದುಮಗಳು ದೋಣಿಯಾಚೆ ಕೈ ಚಾಚಿ ನೀರಿಗೆ ಇಳಿಬಿಡುತ್ತಾಳೆ. ನೀರು ನಿಂತಿದೆ. ಸೆಳೆತವೇ ಇಲ್ಲ. ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಹುಟ್ಟು ಹಾಕುತ್ತಿರುವ ಅಪ್ಪನ ಬೆನ್ನನ್ನು ಒಂದಿಷ್ಟು ಹೊತ್ತು ನೋಡಿ ಅವಳು ಹೇಳುತ್ತಾಳೆ: "ಹೌದಪ್ಪಾ, ಇವತ್ತು ಸೆಳೆತ ತುಂಬಾ ಜೋರು."

ಅಂಗಡಿಯಲ್ಲಿ ಏಸಿಯ ಸದ್ದು ಮಾತ್ರ ಉಳಿಯಿತು. ಭೋಜರಾಜರು ಸ್ಟೇಪ್ಲರಿನ ಕಡೆ ನೋಡುತ್ತಿದ್ದರು. ಲೋಲಾಕ್ಷಿ ಏನನ್ನೂ ನೋಡುತ್ತಿರಲಿಲ್ಲ.

ಮಿಂಡಾ ಇಬ್ಬರನ್ನೂ ನೋಡಿದಳು. ಕೌಂಟರಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ನಲವತ್ತೆಂಟರಲ್ಲಿ ಒಂದು ವೃತ್ತ ಬರೆದು ಒಳಗೆ ಕಣ್ಣು, ನಗು ಮೂಡಿಸಿದಳು. ಐವತ್ತೊಂದರಲ್ಲಿ ಉಳಿದಿದ್ದ ತುಂಡು ಗೆರೆಗಳ ಕೆಳಗೆ ಒಂದು ಪೂರ್ತಿ ಗೆರೆ ಎಳೆದಳು. "ನಾಳೆ ನೀವಿಬ್ಬರೂ ಬನ್ನಿ. ಮ್ಯಾಮ್‌ಗೆ ನೀವೇ ಹೇಳಿ" ಎಂದಳು.

ಶುಕ್ರವಾರ ಭೋಜರಾಜರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಪರೀಕ್ಷೆಗೆ ಹೊರಟ ಮುಖ ಮಾಡಿಕೊಂಡು ಹೋದರು. ಅಂಗಳದ ಹನ್ನೊಂದು ಮಕ್ಕಳು ಮೇಣದಬತ್ತಿಗೆ ನಕ್ಕರು, ನೀರಿನ ಹತ್ತಿರ ಸುಮ್ಮನಾದರು. ಓದು ಮುಗಿದ ಮೇಲೆ ಫೋನಿನ ಪರದೆಯಲ್ಲಿದ್ದ ಬಿಳಿಕೂದಲಿನ ಮುದುಕಿಗೆ ಮಿಂಡಾ ಪುಸ್ತಕದ ಉಬ್ಬಿದ ಅಂಚನ್ನು ತೋರಿಸಿ ನಡೆದದ್ದನ್ನೆಲ್ಲ ಹೇಳಿದಳು. ಭೋಜರಾಜರು ಕೈಮುಗಿದು ಇಂಗ್ಲಿಷಿನಲ್ಲಿ, "ಮ್ಯಾಮ್, ಐವತ್ತೊಂದನೇ ಪುಟದ ಇಸವಿಗಳೆಲ್ಲ ನನ್ನಿಂದ ಹೋದವು" ಎಂದರು.

ಮುದುಕಿ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದರು. "ನೀವು ಸುಮ್ಮನಾದಿರಾ ಅಲ್ಲಿ?"

"ಆದೆ."

"ನಿಮ್ಮ ಹೆಂಡತಿ?"

"ಅವಳೂ. ಅವಳು ಸುಮ್ಮನಾಗುದು ಕಡಿಮೆ ಮ್ಯಾಮ್."

ಮುದುಕಿ ನಕ್ಕರು. "ಹಾಗಾದರೆ ಆ ಪುಟಕ್ಕೆ ಇಸವಿ ಯಾಕೆ? ಎಲ್ಲಾ ವರ್ಷವೂ ಅಂತ ಬರೆದರೆ ಆಯಿತು" ಎಂದರು. ಭೋಜರಾಜರ ಕಣ್ಣು ತುಂಬಿತು. ಮೂರು ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಆಮೇಲೆ ಮಿಂಡಾ ತಟ್ಟೆ ತುಂಬಾ ಸೇಮಿಗೆಯಂಥ ಏನನ್ನೋ ಬಡಿಸಿದಳು. ಮಾಂಸವಿಲ್ಲ ತಾನೇ ಎಂದು ಕೇಳಿಕೊಂಡು, ಭೋಜರಾಜರು ಎರಡು ಸಲ ಹಾಕಿಸಿಕೊಂಡು ತಿಂದರು.

ಅಂದು ರಾತ್ರಿಯ ಊಟಕ್ಕೆ ಭವ್ಯಶ್ರೀ ಬುರೈಮಿಯಿಂದ ಬಂದಳು. ಹದಿನೈದು ದಿನಕ್ಕೊಮ್ಮೆ ಬರುವವಳು, ಬಂದ ಕೂಡಲೇ ನಿದ್ದೆ ಹೋಗುವವಳು. ಅಂಬಿಗನ ಕಥೆ ಅವಳಿಗೆ ಹೇಳಲು ಯಾರಿಗೂ ಪುರುಸೊತ್ತಾಗಲಿಲ್ಲ. ಶನಿವಾರ ಮಧ್ಯಾಹ್ನ ಮೂವರೂ ಕಾರು ಹತ್ತಿದರು. ಬಸ್ಸು ನಿಲ್ಲುವ ಜಾಗ ಮನೆಯಿಂದ ಹತ್ತು ನಿಮಿಷ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಭೋಜರಾಜರು ಮೊದಲ ರೌಂಡಬೌಟಿನಲ್ಲಿ ತಿರುಗಬೇಕಾದಲ್ಲಿ ತಿರುಗಲಿಲ್ಲ. ಎರಡನೆಯದಕ್ಕೆ ಪೂರ್ತಿ ಒಂದು ಸುತ್ತು ಹಾಕಿದರು. ಆಮೇಲೆ ಕಡಲ ಕಡೆಯ ದಾರಿ ಹಿಡಿದರು.

"ಇವತ್ತು ಟ್ರಾಫಿಕ್ ಭಾರೀ ಉಂಟು ಮಗಾ. ಸುತ್ತಿಕೊಂಡು ಹೋಗುವ" ಎಂದರು.

ಹಿಂದಿನ ಸೀಟಿನಲ್ಲಿದ್ದ ಲೋಲಾಕ್ಷಿ ಮಗಳಿಗೆ ಕಟ್ಟಿಕೊಟ್ಟ ಉಪ್ಪಿನಕಾಯಿಯನ್ನು ಹೇಗೆ ಇಡಬೇಕೆಂದು ಹೇಳುತ್ತಿದ್ದಳು. ಮುಂದೆ ಅಪ್ಪನ ಪಕ್ಕ ಕೂತಿದ್ದ ಭವ್ಯಶ್ರೀ ಕಿಟಕಿಯಾಚೆ ನೋಡಿದಳು. ಉದ್ದಕ್ಕೂ ಖಾಲಿ ರಸ್ತೆ, ದೂರದಲ್ಲಿ ಒಂದು ನೀರಿನ ಟ್ಯಾಂಕರು. ಅವಳು ಸ್ಟೇರಿಂಗ್ ಹಿಡಿದ ಅಪ್ಪನ ಕೈಯನ್ನು ನೋಡಿದಳು.

"ಹೌದು ಪಪ್ಪಾ, ಇವತ್ತು ಭಾರೀ ಟ್ರಾಫಿಕ್" ಎಂದಳು.

ಉಪ್ಪಿನಕಾಯಿಯ ಮಾತು ಅಲ್ಲಿಗೇ ನಿಂತಿತು. ಭೋಜರಾಜರು ಕನ್ನಡಿಯಲ್ಲಿ ನೋಡಿದರು. ಲೋಲಾಕ್ಷಿ ಪಕ್ಕದ ಗಾಜಿನ ಧೂಳಿನ ಮೇಲೆ ತೋರುಬೆರಳಿನಿಂದ ಸಣ್ಣದೊಂದು ಅಡ್ಡಗೆರೆ ಎಳೆದಳು. ಇಸವಿ ಬರೆಯಲಿಲ್ಲ.