ಅಂಚಿನೊಳಗಿನ ತುಂಡು

ಗಂಟು ಹಗುರವಾಗಿದೆ ಎಂದು ತಂಗಿ ಮಾನ್ಸಾ ಹೇಳಿದಾಗ ನಾನು ಕಡಲೆಕಾಯಿ ಸಾರಿಗೆ ಮೆಣಸಿನಕಾಯಿ ಅರೆಯುತ್ತಿದ್ದೆ. ಅವಳು ಚೂರುಬಟ್ಟೆಯ ಗಂಟನ್ನು ಅಂಗೈಯಲ್ಲಿ ಎತ್ತಿ ಇಳಿಸಿ ನೋಡುತ್ತಿದ್ದಳು, ಸಂತೆಯಲ್ಲಿ ಹೊಗೆಮೀನನ್ನು ಕೈಯಲ್ಲೇ ತೂಗುವ ಹಾಗೆ.

"ಅಕ್ಕ, ಇದರಲ್ಲಿ ಎಲ್ಲ ಇಲ್ಲ."

"ಚೂರು ತಾನೆ. ಒಂದೆರಡು ಗಾಳಿಗೆ ಹಾರಿ ಹೋಗಿರುತ್ತೆ ಬಿಡು."

"ಆ ಗಾಳಿ ಯಾರ ಮನೆ ಕಡೆ ಬೀಸ್ತು ಅಂತಲೇ ನಾನು ಕೇಳ್ತಿರೋದು."

ನಮ್ಮ ಕಡಲತಡಿಯ ಊರು ಸಾಲ್ಟ್‌ಪಾಂಡಿನಲ್ಲಿ ಹೊಲಿಗೆಗೆ ಬಟ್ಟೆ ಕೊಟ್ಟವರು ಹೊಲಿದದ್ದರ ಜೊತೆಗೆ ಕತ್ತರಿಸಿ ಉಳಿದ ಚೂರುಗಳನ್ನೂ ಮರಳಿ ಪಡೆಯುತ್ತಾರೆ. ಹೊಲಿಯುವವಳು ಅವನ್ನೆಲ್ಲ ಕೂಡಿಸಿ, ಅದೇ ಬಟ್ಟೆಯ ಅಂಚಿನಿಂದ ಕಟ್ಟಿ ಕೊಡಬೇಕು. ನಮ್ಮ ಮೈಗೆಂದು ಕತ್ತರಿಸಿದ ಬಟ್ಟೆಯ ಚೂರು ಬೇರೆಯವರ ಕೈಗೆ ಸಿಕ್ಕರೆ ಏನಾಗಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತು. ಕೇಪ್‌ಕೋಸ್ಟಿನ ಕಾಲೇಜಿನಲ್ಲಿ ಓದಿ, ಅರ್ಧ ಊರಿಗೆ ಪಾಠ ಹೇಳಿದ ನಾನೂ ನನ್ನ ಚೂರುಗಳನ್ನು ಕೇಳಿ ಪಡೆಯುತ್ತೇನೆ. ಉಳಿತಾಯಕ್ಕಾಗಿ ಎಂದು ಹೇಳಿಕೊಳ್ಳುತ್ತೇನೆ.

ಈ ಸಲದ ಬಟ್ಟೆ ಅಮ್ಮ ತೀರಿ ವರ್ಷವಾದ ಪ್ರಾರ್ಥನೆಗೆ ತಂದದ್ದು. ಬಿಳಿಯ ಮೇಲೆ ನೀಲಿ ಹಕ್ಕಿಗಳು, ಮನೆಯವರಿಗೆಲ್ಲ ಒಂದೇ ಬಟ್ಟೆ. ಹೊಲಿದವಳು ಅಡೊಮಾ. ನಮ್ಮ ಅಂಗಳದ ಮೂಲೆಯ ಬೇವಿನ ಮರದಡಿ ಅವಳ ಹಸಿರು ಬಣ್ಣದ ಪೆಟ್ಟಿಗೆ ಅಂಗಡಿ ಇದೆ. ಕೆಲಸ ಚೊಕ್ಕಟ, ಮಾತು ಕಡಿಮೆ. ಅವಳನ್ನು ಇಲ್ಲಿ ಕೂರಿಸಿದವನು ನಮ್ಮ ದೊಡ್ಡಮ್ಮನ ಮಗ ಅಬಾಕಾ. ಮಾನ್ಸಾಳ ಕಣ್ಣಿಗೆ ಅಡೊಮಾಳ ತಪ್ಪು ಶುರುವಾಗುವುದೇ ಅಲ್ಲಿಂದ. ಅಮ್ಮ ತೀರಿಕೊಂಡ ತಿಂಗಳಿನಿಂದಲೂ ಅಬಾಕಾ ಈ ಮನೆ ತನಗೆ ಸೇರಬೇಕೆಂದು ಮನೆತನದ ಹಿರಿಯರ ಬಾಗಿಲು ತಟ್ಟುತ್ತಿದ್ದಾನೆ.

ಮಾನ್ಸಾ ನಡುಮನೆಯ ನೆಲದ ಮೇಲೆ ಚೂರುಗಳನ್ನು ಹರಡಿ, ಅಂಚಿಗೆ ಅಂಚು ಕೂಡಿಸುತ್ತ ಕೂತಳು. ಕಂಕುಳಿನ ತುಂಡು ಸಿಕ್ಕಿತು, ಕೊರಳಿನದು ಸಿಕ್ಕಿತು. ಒಂದು ಹಕ್ಕಿಗೆ ರೆಕ್ಕೆ ಇತ್ತು, ತಲೆ ಇರಲಿಲ್ಲ.

"ನೋಡು. ತಲೆಯೆಲ್ಲ ಅವಳ ಹತ್ರ ಇದೆ."

"ಕೇಳಿ ನೋಡೋಣ."

"ಕೇಳಿದ್ರೆ ಬಚ್ಚಿಡ್ತಾಳೆ. ಭಾನುವಾರ ಚರ್ಚ್ ಮುಗಿದ ಮೇಲೆ ಹಿರಿಯರೆಲ್ಲ ಇಲ್ಲೇ ಊಟಕ್ಕೆ ಕೂರ್ತಾರಲ್ಲ, ಅವರ ಮುಂದೆ ಹೇಳ್ತೀನಿ. ಆ ಪೆಟ್ಟಿಗೇನ ಅವತ್ತೇ ಎತ್ತಿಸ್ತೀನಿ."

ಅಂಗಡಿ ಎತ್ತಿಸುವುದಷ್ಟೇ ಆಗಿದ್ದರೆ ಅಡೊಮಾ ಇನ್ನೊಂದು ಮರದ ನೆರಳು ಹುಡುಕಿಕೊಂಡಾಳು. ಆದರೆ ಚೂರು ಕದ್ದವಳು ಎಂದು ಹಿರಿಯರ ಎದುರು ಒಮ್ಮೆ ಹೆಸರು ಬಂದರೆ ಮುಗಿಯಿತು. ಈ ಕರಾವಳಿಯಲ್ಲಿ ಯಾರೂ ಅವಳ ಕೈಗೆ ಒಂದು ಕರವಸ್ತ್ರವನ್ನೂ ಕೊಡುವುದಿಲ್ಲ.

ಮರುದಿನ ಗುಂಡಿ ಹಾಕಿಸುವ ನೆಪದಲ್ಲಿ ನಾನು ಅಂಗಡಿಗೆ ಹೋದೆ. ಬಿಸಿಲು ತಿರುಗಿದಂತೆ ಅಡೊಮಾ ಗಿರಾಕಿಗಳ ಬೆಂಚನ್ನು ನೆರಳಿನೊಂದಿಗೇ ಸರಿಸುತ್ತಿರುತ್ತಾಳೆ. ತಾನು ಮಾತ್ರ ಬಿಸಿಲಿಗೆ ಬೆನ್ನು ಕೊಟ್ಟು ಕೂತಿರುತ್ತಾಳೆ. ಮೀನಿನ ಬುಟ್ಟಿ ಹೊತ್ತು ಹೋಗುವವರಿಗೆಂದು ಒಂದು ಗಡಿಗೆ ನೀರು, ಅದರ ಮೇಲೆ ಸೋರೆಬುರುಡೆಯ ಮುಚ್ಚಳ. ನನ್ನ ಕಣ್ಣು ಮಂಜಾದ ಮೇಲೆ ಪ್ರತಿ ಸೋಮವಾರ ಸೂಜಿಗಳಿಗೆ ದಾರ ಪೋಣಿಸಿ, ಒಂದು ಬಟ್ಟೆಗೆ ಚುಚ್ಚಿ ಕಳಿಸುತ್ತಾಳೆ. ನಾನು ಕೇಳಿರಲಿಲ್ಲ. ಅದನ್ನು ಮಾನ್ಸಾಳಿಗೆ ನೆನಪಿಸಿದರೆ ಅವಳ ಉತ್ತರ ಸಿದ್ಧವಾಗಿತ್ತು: "ಸೊಳ್ಳೆನೂ ಕಚ್ಚೋ ಮುಂಚೆ ಕಿವೀಲಿ ಹಾಡು ಹೇಳುತ್ತೆ."

ಅಡೊಮಾ ಹಳೆಯ ಅಂಗಿಯೊಂದರಿಂದ ಎಳೆದ ದಾರವನ್ನು ಜೋಳದ ದಿಂಡಿಗೆ ಸುತ್ತುತ್ತಿದ್ದಳು. ಆ ದಿಂಡು ಕಂಡು ನನ್ನ ಮನಸ್ಸು ಮೃದುವಾಯಿತು. ಅಮ್ಮನೂ ಹೀಗೆಯೇ ಸುತ್ತಿಡುತ್ತಿದ್ದಳು. ಆದರೆ ನನ್ನ ನೆರಳು ಬಿದ್ದದ್ದೇ ತಡ, ಮೇಜಿನ ಮೇಲಿದ್ದ ಏನೋ ಒಂದು ಅವಳ ಅಂಗೈಯಡಿ ಮರೆಯಾಯಿತು. ನೀಲಿ. ಒಂದು ಕೊಕ್ಕು.

"ಅಡೊಮಾ, ನಮ್ಮ ಚೂರೆಲ್ಲ ಕೊಟ್ಟೆಯಾ?"

"ಕೊಡಬೇಕಾದ್ದೆಲ್ಲ ಕೊಟ್ಟಿದೀನಿ ಟೀಚರ್."

ಕೊಡಬೇಕಾದ್ದು. ಆ ಮಾತು ಮನೆಯವರೆಗೂ ನನ್ನ ಹಿಂದೆಯೇ ಬಂತು. ಗುಂಡಿಗೆ ಅವಳು ಏನೂ ತೆಗೆದುಕೊಳ್ಳಲಿಲ್ಲ ಎಂಬುದೂ ಆ ಹೊತ್ತು ಅನುಮಾನದ ವಿಷಯವಾಗಿಯೇ ಕಂಡಿತು.

ಮಧ್ಯಾಹ್ನ ಅಮ್ಮನ ಡಬ್ಬಿಯನ್ನು ಕೆಳಗಿಳಿಸಿದೆ. ಕೋಕೋ ಪುಡಿಯ ಹಳೆಯ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಈಗಲೂ ಕೋಕೋ ವಾಸನೆಯೋ, ವಾಸನೆಯ ನೆನಪೋ, ಏನೋ ಒಂದು ಬರುತ್ತದೆ. ಅಪ್ಪನ ಅಂಗಿಗಳಿಂದ ಕಿತ್ತ ಗುಂಡಿಗಳು, ಹಲ್ಲುದುರಿದ ಜಿಪ್ಪು, ಒಂಟಿ ಕೊಕ್ಕೆಗಳು, ಕಿತ್ತು ನೇರ ಮಾಡಿದ ಎಲಾಸ್ಟಿಕ್, ತಳದಲ್ಲಿ ಬಣ್ಣಬಣ್ಣದ ಚೂರುಬಟ್ಟೆ. ಅಮ್ಮ ಹೊಲಿಗೆಯ ಕೈಮಿಷನ್ ತಿರುಗಿಸುವಾಗ ನಾನು ಮೇಜಿನಡಿ ಕೂತು ಈ ಗುಂಡಿಗಳಿಂದ ಸಂತೆ ನಡೆಸುತ್ತಿದ್ದೆ. ಮುತ್ತಿನ ಗುಂಡಿ ಕೆಂಪು ಮೀನು, ಕಪ್ಪು ಗುಂಡಿ ಹುಳಿಜೋಳದ ಹಿಟ್ಟಿನ ಕೆಂಕಿ ಉಂಡೆ. ಮಿಷನ್ನಿನ ಸದ್ದು ನಿಂತರೆ ಸಂತೆ ಮುಗಿಯುತ್ತಿತ್ತು, ಯಾಕೆಂದರೆ ಆಗ ಅಮ್ಮ ಗುಂಡಿ ಕೇಳುತ್ತಿದ್ದಳು.

"ಅದನ್ನ ಮೇಲಿಡು," ಎಂದಳು ಮಾನ್ಸಾ. "ಆ ಡಬ್ಬಿ ಕಂಡ್ರೆ ನಂಗೆ ತೇಪೆ ನೆನಪಾಗುತ್ತೆ. ನೀಲಿ ಅಂಗಿಗೆ ಹಳದಿ ತೇಪೆ. ಶಾಲೇಲಿ ನನ್ನ ಗಿಣಿ ಅಂತಿದ್ರು."

ಅವಳು ನನಗಿಂತ ಬಹಳ ಚಿಕ್ಕವಳು. ನಾನು ತೊಟ್ಟು ಬಿಟ್ಟದ್ದನ್ನೆಲ್ಲ ಅವಳು ತೊಟ್ಟಳು.

ಶುಕ್ರವಾರ, ಎಲ್ಲಕ್ಕಿಂತ ಕೊನೆಗೆ ಹೊಲಿದು ಬಂದ ಹೊಸ ಫ್ರಾಕನ್ನು ಮಾನ್ಸಾಳ ಮೊಮ್ಮಗಳು ನ್ಯಾನೀಬಾ ಹಾಕಿ ನೋಡಿದಳು. ಸಂಜೆ ದೀಪ ಹಚ್ಚುವ ಮೊದಲೇ ಮಗುವಿನ ಹಣೆ ಸುಡುತ್ತಿತ್ತು. ಫ್ರಾಕು ಬಿಚ್ಚುವಾಗ ಮಾನ್ಸಾಳ ಬೆರಳು ಕೆಳಗಿನ ಮಡಿಕೆಯಲ್ಲಿ ನಿಂತಿತು.

"ಅಕ್ಕ, ಇಲ್ಲಿ ಏನೋ ಇದೆ."

ಅವಳು ಬ್ಲೇಡಿನಿಂದ ಹೊಲಿಗೆ ಬಿಚ್ಚಿದಳು. ನಾಲ್ಕಾಗಿ ಮಡಿಸಿದ ಒಂದು ತುಂಡು, ಸುತ್ತ ಬಿಡಿಬಿಡಿಯಾಗಿ ಸಣ್ಣ ಟಾಕು ಹೊಲಿಗೆ. ಬಿಡಿಸಿದರೆ ತಲೆಯಿದ್ದ ಹಕ್ಕಿ. ಮಾನ್ಸಾ ಅದನ್ನು ಕೈಯಿಂದ ಮುಟ್ಟದೆ, ಒಲೆಯ ಚಿಮಟದಲ್ಲಿ ಹಿಡಿದು ತಟ್ಟೆಗೆ ಹಾಕಿದಳು. ತನ್ನ ಉಡುಪಿನ ಅಂಚು ಹಿಚುಕಿ ನೋಡಿದಳು, ಅಲ್ಲೂ ಒಂದು. ನನ್ನದರಲ್ಲೂ. ಕಳೆದ ಚೂರು ದೂರದಲ್ಲೆಲ್ಲೋ ಇರುವುದು ಒಂದು ಮಾತು. ನಮಗೆ ತಿಳಿಯದಂತೆ ನಮ್ಮ ಮೈಮೇಲೆಯೇ ಹೊಲಿಸಿಕೊಂಡಿರುವುದು ಇನ್ನೊಂದು.

ಮಾನ್ಸಾ ಭಾನುವಾರದವರೆಗೆ ಕಾಯಲಿಲ್ಲ. ಅಡೊಮಾಳನ್ನು ಅಂಗಳಕ್ಕೆ ಕರೆದು ತಟ್ಟೆಯನ್ನು ಮುಂದಿಟ್ಟಳು.

"ಇದೇನು?"

"ತುಂಡು, ಮಾಮೆ," ಎಂದಳು ಅಡೊಮಾ, ಅಮ್ಮಾ ಎನ್ನುವ ಮರ್ಯಾದೆಯಲ್ಲೇ.

"ತುಂಡು ಅಂತ ನಂಗೂ ಕಾಣುತ್ತೆ. ಯಾರು ಇಡೋಕೆ ಹೇಳಿದ್ದು? ಅಬಾಕಾನಾ?"

ಅಡೊಮಾ ತಟ್ಟೆಯನ್ನು, ಆಮೇಲೆ ಚಿಮಟವನ್ನು ನೋಡಿದಳು. "ಹೇಳಿದ್ರೆ ನಿಮಗೆ ಅವಮಾನ ಆಗುತ್ತೆ."

"ನನ್ನ ಅವಮಾನ ನಾನು ನೋಡ್ಕೋತೀನಿ. ನೀನು ಹೇಳು."

"ಬಟ್ಟೆ ಹರಿದ ದಿನಕ್ಕೆ, ಮಾಮೆ. ತೇಪೆಗೆ."

"ಇನ್ನೂ ಚರ್ಚಿಗೆ ಹಾಕ್ಕೊಂಡು ಹೋಗಿಲ್ಲ, ಆಗಲೇ ಹರೀತಾ?"

"ಅದಕ್ಕೇ ಯಾರಿಗೂ ಹೇಳೋದಿಲ್ಲ. ಹೊಸ ಬಟ್ಟೆ ಕೈಗೆ ಕೊಡ್ತಾ ಹರಿಯೋ ಮಾತು ಆಡೋಕಾಗುತ್ತಾ? ಒಬ್ಬರಿಗೆ ಹೇಳಿದ್ದೆ. ನಾನೇನು ತೇಪೆ ಹಾಕ್ಕೊಳ್ಳೋ ಬಡವಿನಾ ಅಂತ ಬಟ್ಟೆನ ಮುಖಕ್ಕೆ ಎಸೆದ್ರು. ನಮ್ಮಜ್ಜಿ ಹೀಗೇ ಇಡ್ತಿದ್ಲು. ಅವಳನ್ನ ಯಾರೂ ಕೇಳ್ಲಿಲ್ಲ."

"ಕಥೆ ಚೆನ್ನಾಗಿದೆ," ಎಂದಳು ಮಾನ್ಸಾ. "ಮಗೂಗೆ ಜ್ವರ ಯಾಕೆ ಬಂತು, ಆ ಕಥೆನೂ ಹೇಳು."

ನಾನು ತಟ್ಟೆಯಿಂದ ತುಂಡನ್ನು ಎತ್ತಿಕೊಂಡೆ. ಟಾಕಿನ ಗುರುತುಗಳ ಮೇಲೆ ಬೆರಳಾಡಿಸುವಾಗ ನನ್ನ ಶಾಲೆಯ ಅಂಗಿ ನೆನಪಾಯಿತು. ಬೇಲಿಗೆ ಸಿಕ್ಕಿ ಮೊಣಕೈ ಹರಿದಿತ್ತು, ನಾನು ಅಳುತ್ತ ಬಂದಿದ್ದೆ. ಅಮ್ಮ ಬೈಯಲಿಲ್ಲ. ಅಂಗಿಯ ಅಂಚು ಬಿಚ್ಚಿ, ಬಚ್ಚಿಟ್ಟ ಮಿಠಾಯಿ ತೆಗೆಯುವವಳ ಹಾಗೆ ಒಂದು ತುಂಡನ್ನು ಹೊರತೆಗೆದಳು. ಅಂಗಿ ಒಗೆದಾಗಲೆಲ್ಲ ಅದೂ ಒಗೆಸಿಕೊಂಡಿತ್ತು, ಅಂಗಿಯಷ್ಟೇ ಬಣ್ಣ ಬಿಟ್ಟಿತ್ತು. ತೇಪೆ ಎಲ್ಲಿದೆ ಎಂದು ಹುಡುಕಿದರೂ ನನಗೇ ಸಿಗುತ್ತಿರಲಿಲ್ಲ.

ಒಳಗೆ ಹೋಗಿ ಟ್ರಂಕಿನಿಂದ ಅಮ್ಮನ ಕಂದು ರವಿಕೆ ತಂದೆ. ಅವಳು ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ತಾನೇ ಹೊಲಿದುಕೊಂಡದ್ದು.

"ಅಂಚು ಮುಟ್ಟಿ ನೋಡು."

ಮಾನ್ಸಾ ಮುಟ್ಟಿದಳು. ಬಿಚ್ಚಿದಳು. ರವಿಕೆಯಷ್ಟೇ ಮಾಸಿದ ಒಂದು ಕಂದು ತುಂಡು ಅವಳ ಅಂಗೈಗೆ ಬಂತು.

ಅದನ್ನು ಹೆಬ್ಬೆರಳಿನಿಂದ ಸವರುತ್ತ ಅವಳು ಕೇಳಿದಳು: "ನಂಗ್ಯಾಕೆ ಇದು ಗೊತ್ತಿಲ್ಲ?"

"ಅಂಗಿ ನಿನ್ನ ಹತ್ರ ಬರೋ ಹೊತ್ತಿಗೆ ಅಂಚು ಖಾಲಿ ಆಗಿರ್ತಿತ್ತು. ನನ್ನ ಮೊಣಕೈಗೇ ಮುಗೀತಿತ್ತು. ಆಮೇಲೆ ಡಬ್ಬೀಲಿ ಸಿಕ್ಕಿದ್ದೇ ನಿನಗೆ."

"ಹಳದಿ."

"ಹೌದು. ಹಳದಿ."

ಅಡೊಮಾ ನೆಲ ನೋಡುತ್ತ ನಿಂತಿದ್ದಳು. ಅಕ್ಕ-ತಂಗಿಯರ ನಡುವಿನದನ್ನು ಕೇಳಿಸಿಕೊಳ್ಳದ ಹಾಗೆ ಇರುವುದೂ ಒಂದು ದಯೆ.

"ಅಮ್ಮನದನ್ನ ಅಮ್ಮ ಇಟ್ಟಿದ್ದು," ಎಂದಳು ಮಾನ್ಸಾ ಕೊನೆಗೆ. "ಇದನ್ನ ಇವಳು ಇಟ್ಟಿದ್ದು. ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ಅಡೊಮಾ, ನೀನು ಹೋಗು. ಭಾನುವಾರ ನೋಡೋಣ."

ಆಸ್ಪತ್ರೆಯಲ್ಲಿ ಮಗುವಿಗೆ ಮಲೇರಿಯಾ ಎಂದರು. ಶನಿವಾರದ ಹೊತ್ತಿಗೆ ಜ್ವರ ಇಳಿದು ನ್ಯಾನೀಬಾ ಗಂಜಿ ಬೇಡವೆಂದು ಜಗಳ ಮಾಡುತ್ತಿದ್ದಳು. ಗುಳಿಗೆ ಕೆಲಸ ಮಾಡಿತು ಎಂದು ನಾನು ಹೇಳಿದೆ. "ಅಂಚು ಬಿಚ್ಚಿದ ಮೇಲೇ ತಾನೇ ಇಳಿದಿದ್ದು?" ಎಂದಳು ಮಾನ್ಸಾ.

ಆದರೆ ಮಧ್ಯಾಹ್ನ ನಾನು ಮಲಗಿ ಎದ್ದಾಗ ಅವಳು ಕಿಟಕಿಯ ಬೆಳಕಿಗೆ ಮಗುವಿನ ಫ್ರಾಕು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅಮ್ಮನ ಡಬ್ಬಿ, ಮುಚ್ಚಳ ತೆಗೆದದ್ದು. ಹಕ್ಕಿಯ ತುಂಡನ್ನು ಮತ್ತೆ ನಾಲ್ಕಾಗಿ ಮಡಿಸಿ ಅಂಚಿನೊಳಗೆ ಇಟ್ಟು ಹೊಲಿಯುತ್ತಿದ್ದಳು. ಬಿಳಿ ಬಟ್ಟೆಗೆ ಕೆಂಪು ದಾರ.

"ಕೆಂಪು ಯಾಕೆ?"

"ಯಾರಾದ್ರೂ ಬಿಚ್ಚಿ ಬೇರೆ ಏನಾದ್ರೂ ಇಟ್ರೆ ಗೊತ್ತಾಗ್ಬೇಕಲ್ಲ," ಎಂದಳು, ತಲೆಯೆತ್ತದೆ. "ಮಗು ಬೇಲಿ ಹತ್ತೋದು ಬಿಡೋದಿಲ್ಲ. ಇರಲಿ."

ಭಾನುವಾರ ಬೇವಿನ ಮರದಡಿ ಹಿರಿಯರು ಊಟಕ್ಕೆ ಕೂತರು. ಅಡೊಮಾಳ ಅಂಗಡಿಯ ಬಾಗಿಲು ಮುಚ್ಚಿತ್ತು. ಅವಳು ಒಳಗೇ ಇದ್ದಾಳೆಂದು ನನಗೆ ಗೊತ್ತಿತ್ತು. ಅಬಾಕಾ ಮೀನಿನ ಮುಳ್ಳು ಬಿಡಿಸುತ್ತ ನಮ್ಮ ಉಡುಪುಗಳನ್ನು ಮೇಲಿಂದ ಕೆಳಗೆ ನೋಡಿದ.

"ಚೆನ್ನಾಗಿ ಹೊಲಿದಿದಾರೆ. ಯಾರು, ಆ ಹುಡುಗಿನಾ?"

ಮಾನ್ಸಾ ಸಾರಿನ ಪಾತ್ರೆ ಕೆಳಗಿಟ್ಟು ನೆಟ್ಟಗೆ ನಿಂತಳು.

"ಹೌದು. ನಮ್ಮ ಅಂಗಳದ ಹುಡುಗಿ," ಎಂದಳು. ಆ 'ನಮ್ಮ' ಅವನಿಗೆ ಎಲ್ಲಿ ತಾಗಿತು ಎಂದು ಮುಖವನ್ನೇ ನೋಡುತ್ತ ಸ್ವಲ್ಪ ನಿಂತು, ಆಮೇಲೆ ಸಾರು ಬಡಿಸಿದಳು. ಚೂರಿನ ಮಾತು ಎತ್ತಲೇ ಇಲ್ಲ. ಊಟ ಮುಗಿಯುವ ಮೊದಲು ಒಂದು ತಟ್ಟೆಗೆ ಮೀನು ಹಾಕಿ ಮುಚ್ಚಿ, ನ್ಯಾನೀಬಾಳ ಕೈಯಲ್ಲಿ ಅಂಗಡಿಗೆ ಕಳಿಸಿದಳು. ಅಡೊಮಾ ಬಾಗಿಲು ತೆರೆದು ತಟ್ಟೆ ತೆಗೆದುಕೊಂಡಳು. ಬಗ್ಗಿ ಮಗುವಿನ ಫ್ರಾಕಿನ ಅಂಚನ್ನು ಒಮ್ಮೆ ನೇರ ಮಾಡಿದಳು.

ಸೋಮವಾರ ಎಂದಿನಂತೆ ಸೂಜಿಗಳು ಬಂದವು. ಬಿಳಿ ದಾರ, ಕಪ್ಪು ದಾರ, ಕೊನೆಗೆ ಒಂದು ಕೆಂಪು ದಾರದ ಸೂಜಿ.

ಮಾನ್ಸಾ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

"ಅಕ್ಕ, ನಂಗೆ ಕೆಂಪು ಬೇಕಾಗುತ್ತೆ ಅಂತ ಅವಳಿಗೆ ಹೇಳಿದ್ದು ಯಾರು?"